ಸೈಕಲ್ ಪ್ರಶ್ನೋತ್ತರ: ಟಯರು, ಪಂಚರು ಮತ್ತು ನೆಗ್ಗಿಲು ಮುಳ್ಳು

ಮೈಸೂರು, ಮಂಡ್ಯ ಕಡೆಯ ಸವಾರರಿಂದ ಬಂದ ಪತ್ರಗಳಲ್ಲಿ ಈ ಸಲ ಮುಕ್ಕಾಲು ಪಾಲು ಪಂಚರ್ ಗೋಳೇ. ಹಾಗಾಗಿ ಗೇರು, ಬ್ರೇಕು, ಬೆನ್ನುನೋವು ಎಲ್ಲ ಪಕ್ಕಕ್ಕಿಟ್ಟು ಬರೀ ಟಯರು, ಟ್ಯೂಬಿನ ಪ್ರಶ್ನೆಗಳನ್ನೇ ಎತ್ತಿಕೊಂಡಿದ್ದೇನೆ. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿ ಒಂದು ಮಾಡಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಮೂರು ತಿಂಗಳ ಹಿಂದೆ ಸೆಕೆಂಡ್ ಹ್ಯಾಂಡ್ ರೋಡ್ ಬೈಕ್ ತಗೊಂಡೆ. ಅದರಲ್ಲಿ 700×23 ಟಯರು ಇತ್ತು. ವಾರಕ್ಕೆ ಮೂರು ದಿನ ಮಂಡ್ಯದಿಂದ ಪಾಂಡವಪುರದ ಕಡೆ ಹೋಗಿ ಬರುತ್ತೇನೆ. ಇಷ್ಟರಲ್ಲೇ ಐದು ಪಂಚರ್ ಆಗಿವೆ. ಪಂಚರೇ ಆಗದ ಟಯರು ಯಾವುದಿದೆ ಹೇಳಿ, ದುಡ್ಡು ಎಷ್ಟಾದರೂ ಸರಿ. (ಮಂಡ್ಯದ ಓದುಗರು)

ಉತ್ತರ: ದುಡ್ಡು ಎಷ್ಟಾದರೂ ಸರಿ ಅನ್ನೋ ಮಾತನ್ನು ಅಂಗಡಿಯಲ್ಲಿ ಮಾತ್ರ ಆಡಬೇಡಿ. ಪಂಚರೇ ಆಗದ ಗಾಳಿ ಟಯರು ಅಂತ ಯಾವುದೂ ಇಲ್ಲ. ಕಡಿಮೆ ಪಂಚರ್ ಆಗುವ ಟಯರು ಇದೆ, ಅದಕ್ಕೆ ತೂಕದಲ್ಲೋ ಓಟದಲ್ಲೋ ಒಂದಿಷ್ಟು ತೆರಬೇಕು.

ಮೊದಲು ಆ 23 ಬಿಚ್ಚಿ ಪಕ್ಕಕ್ಕಿಡಿ (23, 25, 28 ಅನ್ನೋದು ಟಯರಿನ ಅಗಲ, ಮಿಲಿಮೀಟರಿನಲ್ಲಿ). ಸಪೂರ ಟಯರಿಗೆ ಗಾಳಿ ಕಲ್ಲಿನ ಹಾಗೆ ತುಂಬಿದರೆ ಜೋರಾಗಿ ಓಡುತ್ತದೆ ಅನ್ನೋದು ಹಳೇ ಕಾಲದ ನಂಬಿಕೆ. ರೇಸಿನವರೇ 23 ಬಿಟ್ಟು 25ಕ್ಕೆ, ಅಲ್ಲಿಂದ 28ಕ್ಕೆ ಬಂದು ಬಹಳ ದಿನ ಆಯಿತು. ಕಲ್ಲಿನಂಥ ಟಯರು ಒರಟು ರಸ್ತೆಯಲ್ಲಿ ಉರುಳೋದಕ್ಕಿಂತ ಜಾಸ್ತಿ ಕುಣಿಯುತ್ತದೆ, ಆ ಕುಣಿತಕ್ಕೆ ನಿಮ್ಮ ಕಾಲಿನ ಶಕ್ತಿಯೇ ಖರ್ಚು. ಹಾಗಂತ ಅದಕ್ಕೆ ಗಾಳಿ ಕಡಿಮೆ ಮಾಡಿದಿರೋ, ಹಳ್ಳಕ್ಕೆ ಬಿದ್ದಾಗ ಟ್ಯೂಬು ರಿಮ್ಮಿಗೂ ಕಲ್ಲಿಗೂ ಮಧ್ಯೆ ಸಿಕ್ಕಿ ಹಾವು ಕಚ್ಚಿದ ಹಾಗೆ ಅಕ್ಕಪಕ್ಕ ಎರಡು ತೂತು ಬೀಳುತ್ತವೆ. ನಿಮ್ಮ ಐದು ಪಂಚರಿನ ಟ್ಯೂಬುಗಳು ಇನ್ನೂ ಇದ್ದರೆ ತೆಗೆದು ನೋಡಿ. ಜೋಡಿ ತೂತಿದ್ದರೆ ತಪ್ಪು ಮುಳ್ಳಿನದಲ್ಲ, ಗಾಳಿಯದು. ತೂತು ಒಳಮೈಯಲ್ಲಿ, ಅಂದರೆ ಕಡ್ಡಿಗಳ ಕಡೆ ಇದ್ದರೆ ಕಡ್ಡಿಯ ತೂತುಗಳನ್ನು ಮುಚ್ಚುವ ರಿಮ್ಮಿನ ಟೇಪು ಸರಿದಿದೆ ಅಂತ ಅರ್ಥ. ಸೆಕೆಂಡ್ ಹ್ಯಾಂಡ್ ಗಾಡಿಗಳಲ್ಲಿ ಇದು ತುಂಬಾ ಮಾಮೂಲಿ, ಜನ ಟಯರಿನ ಮೇಲೆ ಟಯರು ಬದಲಾಯಿಸುತ್ತಾರೆ, ಆ ಟೇಪಿನ ಕಡೆ ಕಣ್ಣೆತ್ತಿಯೂ ನೋಡೋದಿಲ್ಲ.

28 ಕೂರುತ್ತದಾ ಅನ್ನೋದನ್ನು ಕೊಳ್ಳುವ ಮೊದಲೇ ನೋಡಿಕೊಳ್ಳಬೇಕು. ರಿಮ್ಮಿಗೆ ಕಚ್ಚುವ ಬ್ರೇಕಿನ ಹಳೇ ಗಾಡಿಗಳಲ್ಲಿ ಎಷ್ಟೋ ಸಲ 25ಕ್ಕೇ ನಿಲ್ಲಬೇಕಾಗುತ್ತದೆ. 4 ಮಿಲಿಮೀಟರಿನ ಆಲೆನ್ ಕೀ ನಿಮ್ಮ ಹತ್ತಿರ ಇರುತ್ತದಲ್ವಾ, 28ರ ಟಯರಿರುವ ಸ್ನೇಹಿತರ ಚಕ್ರವನ್ನು ನಿಮ್ಮ ಗಾಡಿಗೆ ಹಾಕಿ ನೋಡಿ. ಟಯರಿಗೂ ಫ್ರೇಮಿಗೂ ನಡುವೆ, ಮೇಲೂ ಪಕ್ಕಕ್ಕೂ, ಆ ಕೀ ಸಲೀಸಾಗಿ ಆಡಿದರೆ ಸರಿ. ರಿಮ್ಮಿನ ಒಳಗಲ ಜಾಸ್ತಿ ಇದ್ದರೆ 28 ಅಂತ ಬರೆದಿರುವ ಟಯರು 29, 30ರ ತನಕ ಉಬ್ಬುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಗಾಳಿಯ ಲೆಕ್ಕ ಸವಾರರ ತೂಕದ ಮೇಲೆ ನಿಂತಿದೆ, ಅದರ ಒತ್ತಡದ ಅಳತೆಗೆ ಪಿಎಸ್‌ಐ ಅನ್ನುತ್ತಾರೆ. 70 ಕೆ.ಜಿ. ಆಸುಪಾಸಿನವರು 28ರ ಟಯರಿಗೆ ಮುಂದೆ 65ರಿಂದ 70, ಹಿಂದೆ 75ರಿಂದ 80 ಪಿಎಸ್‌ಐ ಹಾಕಿ ಶುರು ಮಾಡಿ. ಹಿಂದಿನ ಚಕ್ರದ ಮೇಲೆ ಭಾರ ಜಾಸ್ತಿ ಬೀಳುತ್ತದೆ, ಅದಕ್ಕೆ ಅಲ್ಲಿ ಸ್ವಲ್ಪ ಹೆಚ್ಚು. ಕೈ ನಡುಗುವಷ್ಟು ಬಿಗಿ ಅನ್ನಿಸಿದರೆ ಐದೈದು ಇಳಿಸುತ್ತಾ ಬನ್ನಿ. ಟಯರಿನ ಮೈಮೇಲೆ ಬರೆದಿರುವ ದೊಡ್ಡ ಅಂಕಿ ಇದಕ್ಕಿಂತ ಮೀರಬೇಡ ಅನ್ನೋ ಗೆರೆ ಅಷ್ಟೇ. ಅಷ್ಟನ್ನೂ ತುಂಬು ಅಂತ ಅದು ಹೇಳುತ್ತಿಲ್ಲ. ಹೊಸ ಗಾಡಿಗಳ ಕೆಲವು ರಿಮ್ಮುಗಳಲ್ಲಿ ಟಯರನ್ನು ಹಿಡಿಯುವ ಕೊಕ್ಕೆ ಅಂಚು ಇರೋದಿಲ್ಲ, ಅಂಥವಕ್ಕೆ 72 ಪಿಎಸ್‌ಐ ದಾಟಿಸಲೇಬಾರದು, ಟಯರೂ ಅದಕ್ಕೆ ಒಪ್ಪುವಂಥದ್ದೇ ಆಗಿರಬೇಕು. ನಿಮ್ಮದು ಹಳೇ ಗಾಡಿ, ಆ ತಲೆನೋವಿಲ್ಲ.

ಇನ್ನು ಟಯರಿನ ಜಾತಿ. ರಬ್ಬರಿನ ಕೆಳಗೆ ಮುಳ್ಳು ತಡೆಯುವ ಒಂದು ಪಟ್ಟಿ ಇರುವ ಟಯರು ತಗೊಳ್ಳಿ. ಕೆಲವರದ್ದು ಕೆವ್ಲಾರ್, ಕೆಲವರದ್ದು ವೆಕ್ಟ್ರಾನ್ (ಎರಡೂ ಗಟ್ಟಿ ನೂಲು), ಇನ್ನು ಕೆಲವರದ್ದು ದಪ್ಪ ರಬ್ಬರೇ. ಶ್ವಾಲ್ಬೆ ಮ್ಯಾರಥಾನ್ ಪ್ಲಸ್‌ನಲ್ಲಿ 5 ಮಿಲಿಮೀಟರ್ ದಪ್ಪದ ರಬ್ಬರ್ ಪದರವೇ ಇದೆ. ಮುಳ್ಳಿಗೆ ಅದರ ಮುಂದೆ ಆಟ ನಡೆಯೋದು ಕಷ್ಟ, ಆದರೆ ರೋಡ್ ಬೈಕಿಗೆ ಹಾಕಿದರೆ ರೇಸಿನ ಕುದುರೆಗೆ ಎತ್ತಿನ ನೊಗ ಕಟ್ಟಿದ ಹಾಗೆ. ಕಾಂಟಿನೆಂಟಲ್ ಗೇಟರ್‌ಸ್ಕಿನ್ ನಡುವಿನ ದಾರಿ: ಪಕ್ಕದ ಗೋಡೆಯೂ ಗಟ್ಟಿ, ಓಟ ಸ್ವಲ್ಪ ಮಂಕು, ಒದ್ದೆ ರಸ್ತೆಯಲ್ಲಿ ಹಿಡಿತ ಅಷ್ಟಕ್ಕಷ್ಟೆ. ರೇಸಿಗೆ ಅಂತಲೇ ಮಾಡಿದ ಹಗುರ ಟಯರುಗಳು ಚೆನ್ನಾಗಿ ಉರುಳುತ್ತವೆ, ಆದರೆ ಕಬ್ಬಿನ ಗಾಡಿ ಓಡಾಡುವ ರಸ್ತೆಗೆ ದಿನಾ ಹಾಕಿಕೊಂಡು ಹೋಗೋ ಸಾಮಾನಲ್ಲ. ನನ್ನ ಮಾತು ಕೇಳೋದಾದರೆ ಪಟ್ಟಿ ಇರುವ ಮಧ್ಯಮ ದರ್ಜೆಯ ಟಯರು, 28, ಮಡಚುವ ಜಾತಿಯದು. ಅಂಚಿನಲ್ಲಿ ತಂತಿ ಇರುವ ಟಯರು ಅಗ್ಗ, ಕೆಟ್ಟದ್ದೇನೂ ಅಲ್ಲ, ತೂಕ ಜಾಸ್ತಿ ಅಷ್ಟೆ.

ಒಂದು ಮಾತು ಮಾತ್ರ ಮರೆಯಬೇಡಿ. ಟಯರು ಕೊಂಡು ಮನೆಗೆ ತಂದ ದಿನವೇ ಅದನ್ನು ನಿಮ್ಮ ಕೈಯಾರೆ ಎರಡು ಸಲ ಹಾಕಿ, ಎರಡು ಸಲ ಬಿಚ್ಚಿ. ಕೆಲವು ಗಟ್ಟಿ ಟಯರುಗಳು ಕೆಲವು ರಿಮ್ಮಿಗೆ ಎಷ್ಟು ಬಿಗಿ ಅಂದರೆ ಅಂಗಡಿಯವನೇ ಬೆವರು ಸುರಿಸುತ್ತಾನೆ. ಮನೆ ಜಗಲಿ ಮೇಲೆ ಬಾರದ ಟಯರು ಬೆಳಗಿನ ಆರು ಗಂಟೆಗೆ ವಿ.ಸಿ. ನಾಲೆ ಏರಿ ಮೇಲೆ ಒಬ್ಬರೇ ಕೂತಾಗ ಬರುತ್ತದಾ? ಟಯರು ಆರಿಸೋದು, ಪಂಚರಿಗೆ ಸಾಮಾನು ಕಟ್ಟೋದು ಬೇರೆಬೇರೆ ವಿಷಯ ಅಂತ ಎಲ್ಲರೂ ತಿಳಿದಿದ್ದಾರೆ, ನನ್ನ ಲೆಕ್ಕದಲ್ಲಿ ಅದು ಒಂದೇ. 1888ರಲ್ಲಿ ಬೆಲ್‌ಫಾಸ್ಟಿನಲ್ಲಿ ಡನ್‌ಲಪ್ ಅನ್ನೋ ದನದ ಡಾಕ್ಟರು ಮಗನ ಮೂರು ಚಕ್ರದ ಗಾಡಿಗೆ ಗಾಳಿ ಟಯರು ಮಾಡಿಕೊಟ್ಟರಲ್ಲ, ಆಗಿನ ಟಯರುಗಳನ್ನು ರಿಮ್ಮಿಗೆ ಅಂಟಿಸಿಬಿಡುತ್ತಿದ್ದರು. ಪಂಚರ್ ಆದರೆ ಬಿಡಿಸೋದು, ತೇಪೆ ಹಾಕೋದು, ಮತ್ತೆ ಅಂಟಿಸಿ ಒಣಗಿಸೋದು, ಇಷ್ಟಕ್ಕೆ ಒಂದು ದಿನ ಹೋಗುತ್ತಿತ್ತು. ಫ್ರಾನ್ಸಿನ ಮಿಶೆಲಿನ್ ಅಣ್ಣತಮ್ಮಂದಿರು ಬಿಚ್ಚಿ ಹಾಕಬಹುದಾದ ಟಯರು ಮಾಡಿದರು. 1891ರಲ್ಲಿ ಪ್ಯಾರಿಸ್‌ನಿಂದ ಬ್ರೆಸ್ಟ್‌ಗೆ ಹೋಗಿ ವಾಪಸ್ ಬರುವ ಸುಮಾರು 1,200 ಕಿಲೋಮೀಟರಿನ ರೇಸು ಗೆದ್ದ ಶಾರ್ಲ್ ತೆರೋನ್ ಓಡಿಸಿದ್ದು ಆ ಟಯರಿನ ಮೇಲೆ. ಅವರ ಟಯರಿಗೇನು ಪಂಚರ್ ಆಗಲಿಲ್ಲ ಅಂತಲ್ಲ. ಆದರೂ ದಾರಿಯಲ್ಲೇ ಬಿಚ್ಚಬಹುದಿತ್ತು.

ಪ್ರಶ್ನೆ: ಮುಳ್ಳು, ಗಾಜು ಬಿಟ್ಟರೆ ನಮ್ಮ ರಸ್ತೆಗಳಲ್ಲಿ ಬೇರೆ ಏನು ಟಯರಿಗೆ ಚುಚ್ಚುತ್ತದೆ? ಎಷ್ಟೋ ಸಲ ತೂತು ಕಾಣುತ್ತದೆ, ಚುಚ್ಚಿದ್ದು ಕಾಣೋದಿಲ್ಲ. (ಶ್ರೀರಂಗಪಟ್ಟಣ)

ಉತ್ತರ: ಕಾಣದ್ದು ಅಂದಿರಲ್ಲ, ಅದು ನೂರಕ್ಕೆ ತೊಂಬತ್ತು ಲಾರಿ ಟಯರಿನ ತಂತಿ. ಲಾರಿಯ ರೇಡಿಯಲ್ ಟಯರು ಒಡೆದು ಚಿಂದಿಯಾದಾಗ ಅದರೊಳಗಿನ ಉಕ್ಕಿನ ಎಳೆಗಳು ಕೂದಲಿನ ಹಾಗೆ ರಸ್ತೆ ತುಂಬ ಉದುರುತ್ತವೆ. ಹೆದ್ದಾರಿ ಪಕ್ಕದ ಸರ್ವಿಸ್ ರಸ್ತೆಯಲ್ಲಿ ಓಡಾಡುವವರಿಗೆ ಇದೇ ದೊಡ್ಡ ಶತ್ರು.

ನನಗೆ ಇದರ ಬುದ್ಧಿ ಬಂದಿದ್ದು ಪಾಂಡವಪುರದಿಂದ ಮೇಲುಕೋಟೆಗೆ ಹೋಗುವ ದಾರಿಯಲ್ಲಿ. ಒಂದೇ ಬೆಳಿಗ್ಗೆ, ಒಂದೇ ಚಕ್ರ, ಮೂರು ಪಂಚರ್. ಹೊಸ ಟ್ಯೂಬು ಹಾಕಿದೆ, ಎರಡು ಕಿಲೋಮೀಟರಿಗೆ ಹೋಯಿತು. ಹಳೇ ಟ್ಯೂಬಿಗೆ ಪ್ಯಾಚ್ ಹಾಕಿ ಏರಿಸಿದೆ, ಅದೂ ಹೋಯಿತು. ಹೊಂಗೆ ಮರದ ಕೆಳಗೆ ಟಯರನ್ನು ಹಾರದ ಹಾಗೆ ಕೊರಳಿಗೆ ಹಾಕಿಕೊಂಡು ಕೂತಿದ್ದೆ. ಎತ್ತು ಹೊಡೆದುಕೊಂಡು ಹೋಗುತ್ತಿದ್ದ ಒಬ್ಬ ಅಜ್ಜ ನಿಂತು ನೋಡಿ, ‘ಬೆರಳಲ್ಲಿ ತಡವಿದ್ರೆ ಸಿಕ್ಕಲ್ಲ ಸೋಮಿ, ಟವಲ್ಲ ಒಳಗೆ ಆಡ್ಸಿ ನೋಡಿ’ ಅಂದರು. ಹೆಗಲ ಮೇಲಿನ ಟವಲ್ಲನ್ನು ಅವರೇ ಕೊಟ್ಟರು. ಟಯರಿನ ಒಳಮೈಗೆ ಹಾಕಿ ಮೆಲ್ಲಗೆ ಒಂದು ಸುತ್ತು ಎಳೆದೆ, ಒಂದು ಕಡೆ ದಾರದ ಎಳೆ ಟಕ್ಕನೆ ಸಿಕ್ಕಿಕೊಂಡಿತು. ಅಲ್ಲಿತ್ತು ತಂತಿ, ಒಂದು ಸಾಸಿವೆ ಕಾಳಿನಷ್ಟೂ ಹೊರಗೆ ಚಾಚಿರಲಿಲ್ಲ. ಉಗುರಿಗೆ ಸಿಗಲಿಲ್ಲ, ಕೊನೆಗೆ ಹಲ್ಲಲ್ಲಿ ಕಚ್ಚಿ ಎಳೆದೆ. ಅವತ್ತಿನಿಂದ ನನ್ನ ಚೀಲದಲ್ಲಿ ಹುಬ್ಬು ಕೀಳುವ ಚಿಮುಟ ಒಂದು ಇದ್ದೇ ಇದೆ.

ಇನ್ನೊಂದು ನಮ್ಮ ಕಡೆಯ ಸ್ಪೆಷಲ್: ಎತ್ತಿನ ಲಾಳದ ಮೊಳೆ. ಗಾಡಿ ಎತ್ತುಗಳು ಓಡಾಡುವ ಕಡೆ ಸವೆದ ಲಾಳದಿಂದ ಕಳಚಿ ಬಿದ್ದಿರುತ್ತದೆ, ಅದು ಹೊಕ್ಕರೆ ಯಾವ ಪಟ್ಟಿಯೂ ತಡೆಯೋದಿಲ್ಲ. ಆಮೇಲೆ ಒಕ್ಕಣೆ ಕಾಲ. ಹುರುಳಿ, ರಾಗಿ ಎಲ್ಲ ರಸ್ತೆ ಮೇಲೇ ಹರಡಿರುತ್ತಾರೆ. ಹುರುಳಿ ಸೊಪ್ಪು ಚುಚ್ಚೋದಕ್ಕಿಂತ ಗೇರಿಗೆ ಸುತ್ತಿಕೊಳ್ಳೋದೇ ಜಾಸ್ತಿ, ಇಳಿದು ನಡೆದುಬಿಡಿ.

ಮುಳ್ಳಿನಲ್ಲಿ ಜಾಲಿ ಮುಳ್ಳು ಉದ್ದ, ಕಣ್ಣಿಗೆ ಕಾಣುತ್ತದೆ. ಬೇಲಿ ಸವರಿದ ಮಾರನೇ ದಿನ ಆ ರಸ್ತೆಗೆ ಹೋಗಬೇಡಿ. ನೆಗ್ಗಿಲು ಮಾತ್ರ ಬಲು ಮೋಸ. ರಸ್ತೆ ಅಂಚಿನಲ್ಲಿ ನೆಲಕ್ಕಂಟಿಕೊಂಡು ಹಬ್ಬಿರುತ್ತದೆ, ಪುಟ್ಟ ಹಳದಿ ಹೂವು, ನೋಡೋಕೆ ಚೆಂದ. ಅದರ ಕಾಯಿ ಹೇಗೆ ಬಿದ್ದರೂ ಒಂದು ಮುಳ್ಳು ಮೇಲಕ್ಕೇ ನಿಂತಿರುತ್ತದೆ. ಓಡುವಾಗಕ್ಕಿಂತ ನಿಲ್ಲುವಾಗಲೇ ಇದು ಚುಚ್ಚೋದು. ನೀರು ಕುಡಿಯೋಕೆ, ಫೋಟೊ ತೆಗೆಯೋಕೆ ಅಂತ ಸೈಕಲ್ಲನ್ನು ಹುಲ್ಲಿನ ಮೇಲೆ ತಳ್ಳಿಕೊಂಡು ಹೋಗುತ್ತೀರಲ್ವಾ, ಅಲ್ಲೇ. ಟಾರು ಬಿಟ್ಟು ಇಳಿಯೋದಿದ್ದರೆ ಸೈಕಲ್ ಎತ್ತಿಕೊಂಡೇ ಇಳಿಯಿರಿ.

ಪ್ರಶ್ನೆ: ಸೀಟಿನ ಕೆಳಗಿನ ಪುಟ್ಟ ಚೀಲದಲ್ಲಿ ಏನೇನು ಇಟ್ಟುಕೊಳ್ಳಬೇಕು? ಭಾನುವಾರ ನಾವು ನಾಲ್ಕು ಜನ ಗೆಳತಿಯರು ಕುವೆಂಪುನಗರದಿಂದ ಹೊರಟು ನಂಜನಗೂಡು, ಕೆ.ಆರ್.ಎಸ್. ಕಡೆ ಹೋಗುತ್ತೇವೆ. ನಾಲ್ಕೂ ಜನ ಎಲ್ಲ ಹೊರಬೇಕಾ? (ಮೈಸೂರು)

ಉತ್ತರ: ಟ್ಯೂಬು ಪ್ರತಿಯೊಬ್ಬರ ಹತ್ತಿರವೂ ಇರಲೇಬೇಕು, ಅದು ಅವರವರ ಚಕ್ರದ ಅಳತೆಯದ್ದೇ ಆಗಿರಬೇಕು. ಪಂಪು ಇಬ್ಬರ ಹತ್ತಿರ ಇದ್ದರೆ ಸಾಕು, ಒಬ್ಬರ ಹತ್ತಿರ ಸಾಲದು. ಒಂದು ಪಂಪು ಕೈಕೊಡೋದು ಬೇಕಾದಾಗಲೇ.

ನನ್ನ ಚೀಲದಲ್ಲಿ ಇರೋದು ಹೇಳುತ್ತೇನೆ. ಒಂದು ಟ್ಯೂಬು, ಹಳೇ ಕಾಲುಚೀಲದೊಳಗೆ. ಕಾಲುಚೀಲ ಯಾಕೆ ಅಂದರೆ, ಟ್ಯೂಬನ್ನು ಹಾಗೇ ತುರುಕಿದರೆ ಸ್ಪ್ಯಾನರಿಗೋ ಕೀಗೋ ತಿಂಗಳುಗಟ್ಟಲೆ ಉಜ್ಜಿ ಉಜ್ಜಿ ಚೀಲದೊಳಗೇ ತೂತು ಬೀಳುತ್ತದೆ. ರಸ್ತೆಯಲ್ಲಿ ಹೊಸ ಟ್ಯೂಬು ಅಂತ ತೆಗೆದು ಗಾಳಿ ಹೊಡೆದರೆ ಬುಸ್ ಅನ್ನುತ್ತದೆ. ಕಾಲುಚೀಲವನ್ನು ಕೈಗೆ ಹಾಕಿಕೊಂಡು ಚೈನು ಮುಟ್ಟಬಹುದು, ಟಯರಿನ ಒಳಗೆ ಆಡಿಸಿ ತಂತಿಯನ್ನೂ ಹುಡುಕಬಹುದು. ಆಮೇಲೆ ಟಯರು ಮೀಟಿ ಬಿಚ್ಚುವ ಪ್ಲಾಸ್ಟಿಕ್ ಲಿವರ್ ಎರಡು, ಪ್ಯಾಚಿನ ಡಬ್ಬಿ, ಚಿಮುಟ, ಆಲೆನ್ ಕೀಗಳ ಗೊಂಚಲು, ಹಳೇ ಟಯರಿನ ಪಕ್ಕದ ಗೋಡೆಯಿಂದ ಕತ್ತರಿಸಿದ ಎರಡು ಬೆರಳಗಲದ ತುಂಡು. ಈ ತುಂಡು ಟಯರೇ ಸೀಳಿದಾಗ ಒಳಗಿಂದ ಒತ್ತು ಕೊಡೋಕೆ. ಅದಿಲ್ಲದೆ ಟ್ಯೂಬು ಸೀಳಿನಿಂದ ಗೆಡ್ಡೆ ಹಾಗೆ ಹೊರಗೆ ಉಬ್ಬಿ ಢಂ ಅನ್ನುತ್ತದೆ. ಒಂದು ಸಲ ತುಂಡು ಮರೆತಿದ್ದೆ, ಹತ್ತಿರದ ಟೀ ಅಂಗಡಿಯಲ್ಲಿ ನಂದಿನಿ ಹಾಲಿನ ಖಾಲಿ ಕವರು ಇಸಿದುಕೊಂಡು ನಾಲ್ಕು ಮಡಿಕೆ ಮಾಡಿ ಇಟ್ಟು, ಗಾಳಿ ಸ್ವಲ್ಪ ಕಡಿಮೆ ಹಾಕಿ ಮನೆ ಸೇರಿದ್ದೇನೆ.

ಟ್ಯೂಬು ಕೊಳ್ಳುವಾಗ ವಾಲ್ವಿನ ಉದ್ದ ನೋಡಿ. ಇದನ್ನು ನಾನೇ ನೋಡದೆ ಕೆಟ್ಟಿದ್ದೇನೆ. ರಿಮ್ಮು 50 ಮಿಲಿಮೀಟರ್ ಆಳದ್ದು, ಒಯ್ದ ಟ್ಯೂಬಿನ ವಾಲ್ವು 40 ಮಿಲಿಮೀಟರಿನದು. ಟಿ. ನರಸೀಪುರ ರಸ್ತೆಯಲ್ಲಿ ಟಯರು ಬಿಚ್ಚಿ, ಟ್ಯೂಬು ಇಟ್ಟು, ಟಯರು ಮುಚ್ಚಿ, ಆಮೇಲೆ ನೋಡಿದರೆ ವಾಲ್ವಿನ ತಲೆಯೇ ಆಚೆ ಬಂದಿಲ್ಲ! ಬಾವಿಯೊಳಗೆ ಬಿದ್ದ ಬಿಂದಿಗೆ ನೋಡಿದ ಹಾಗೆ ರಿಮ್ಮಿನ ತೂತಿನೊಳಗೆ ನೋಡುತ್ತಾ ನಿಂತಿದ್ದೆ.

ಈಗ ಟಿಪಿಯು ಅಂತ ಒಂದು ಥರದ ಪ್ಲಾಸ್ಟಿಕ್ಕಿನ ತೆಳ್ಳನೆ ಟ್ಯೂಬುಗಳು ಬಂದಿವೆ, ಬಣ್ಣಬಣ್ಣದವು. ಮಾಮೂಲಿ ಬ್ಯುಟೈಲ್ ರಬ್ಬರಿನ ಟ್ಯೂಬು 100 ಗ್ರಾಂ ಸುಮಾರಿಗೆ ತೂಗಿದರೆ ಇವು ಅದರ ಅರ್ಧವೂ ಇಲ್ಲ, ಮುಷ್ಟಿಯಲ್ಲಿ ಹಿಡಿಸುತ್ತವೆ. ಚೀಲದಲ್ಲಿ ಎರಡನೇ ಟ್ಯೂಬಾಗಿ ಇಟ್ಟುಕೊಳ್ಳೋಕೆ ಬಹಳ ಅನುಕೂಲ. ಆದರೆ ಇದಕ್ಕೆ ನಿಮ್ಮ ಮಾಮೂಲಿ ಸಲ್ಯೂಷನ್ ಪ್ಯಾಚು ಹಿಡಿಯೋದಿಲ್ಲ, ಬೇರೆ ಪ್ಯಾಚೇ ಬೇಕು. ಟಯರಿನ ಹೊರಗೆ ಇಟ್ಟುಕೊಂಡು ಉಬ್ಬಿಸಿ ತೂತು ಹುಡುಕೋಕೂ ಹೋಗಬೇಡಿ, ಒಂದು ಸಲ ಹಿಗ್ಗಿದರೆ ಮತ್ತೆ ಕುಗ್ಗೋದಿಲ್ಲ.

ಪಂಪಾ, ಗ್ಯಾಸ್ ಸಿಲಿಂಡರಾ? ಪಂಪು. 16 ಗ್ರಾಮಿನ ಸಿಒ2 ಸಿಲಿಂಡರು 28ರ ಟಯರನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ತುಂಬುತ್ತದೆ ನಿಜ, ಅದರ ಜೊತೆಗೆ ನಿಮ್ಮ ಬೆರಳನ್ನೂ ಐಸು ಮಾಡುತ್ತದೆ, ಬರಿಗೈಯಲ್ಲಿ ಹಿಡಿಯಬಾರದು. ಆ ಗ್ಯಾಸು ರಬ್ಬರಿನಿಂದ ಬೇಗ ಸೋರುತ್ತದೆ, ಮನೆಗೆ ಬಂದು ಮಾರನೇ ದಿನ ಅದನ್ನು ಬಿಟ್ಟು ಗಾಳಿ ತುಂಬಬೇಕು. ಒಂದು ತಪ್ಪು ಮಾಡಿದರೆ ಸಿಲಿಂಡರು ಹೋಯಿತು, ಪಂಪಿಗೆ ಆ ಲೆಕ್ಕವಿಲ್ಲ. ಚಿಕ್ಕ ಪಂಪಿನಲ್ಲಿ ಇನ್ನೂರು, ಮುನ್ನೂರು ಸಲ ಹೊಡೀಬೇಕಾಗುತ್ತದೆ, ತೋಳು ಬಿದ್ದುಹೋಗುತ್ತದೆ. ನಾಲ್ಕು ಜನ ಇದ್ದೀರಲ್ಲ, ಸರದಿ ಮೇಲೆ ಹೊಡೀರಿ. ಪುಟ್ಟ ರಬ್ಬರ್ ಕೊಳವೆ ಇರುವ ಪಂಪು ಸಿಕ್ಕರೆ ಅದನ್ನೇ ತಗೊಳ್ಳಿ. ನೇರ ವಾಲ್ವಿಗೆ ಕಚ್ಚುವ ಪಂಪಿನಲ್ಲಿ ಸುಸ್ತಾದ ಕೈ ಆಚೀಚೆ ಎಳೆದು ವಾಲ್ವಿನ ಬುಡವೇ ಕಿತ್ತುಬರುತ್ತದೆ.

ಪ್ರಶ್ನೆ: ಟಯರು ತೆಗೆಯೋಕೆ, ಹಾಕೋಕೆ ನನ್ನ ಬೆರಳಲ್ಲಿ ಅಷ್ಟು ಬಲ ಇಲ್ಲ. ಕೊನೆಯ ಒಂದು ಗೇಣು ಒಳಗೆ ಹೋಗೋದೇ ಇಲ್ಲ. ಲಿವರ್ ಹಾಕಿದರೆ ಹೊಸ ಟ್ಯೂಬಿಗೂ ತೂತು. (ಮದ್ದೂರು)

ಉತ್ತರ: ಬಲದ ಆಟ ಅಲ್ಲ ಇದು. ರಿಮ್ಮಿನ ನಡುವೆ ಸುತ್ತಲೂ ಒಂದು ತಗ್ಗು ಇದೆ ನೋಡಿ, ನಾಲೆ ಇದ್ದ ಹಾಗೆ. ಟಯರಿನ ಅಂಚು ಎರಡೂ ಪಕ್ಕದ ಏರಿ ಮೇಲೆ ಕೂತಿದ್ದರೆ ಬಿಗಿ, ನಾಲೆಗೆ ಇಳಿದರೆ ಸಡಿಲ. ಅಷ್ಟೇ ಗುಟ್ಟು. ಹಾಕುವಾಗ ವಾಲ್ವಿನ ಎದುರು ತುದಿಯಿಂದ ಶುರು ಮಾಡಿ, ಎರಡೂ ಕೈಯಲ್ಲಿ ಅಂಚನ್ನು ನಾಲೆಗೆ ಚಿವುಟಿ ಇಳಿಸುತ್ತಾ ವಾಲ್ವಿನ ಹತ್ತಿರ ಬಂದು ಮುಗಿಸಿ. ವಾಲ್ವು ಇರುವ ಕಡೆ ನಾಲೆಯಲ್ಲಿ ಜಾಗ ಇರೋದಿಲ್ಲ, ಅದಕ್ಕೇ ಅದು ಕೊನೆಗೆ. ಇನ್ನೂ ಬಿಗಿ ಅನ್ನಿಸಿದರೆ ಮತ್ತೆ ಎದುರು ತುದಿಗೆ ಹೋಗಿ ಇನ್ನೊಂದು ಸಲ ಚಿವುಟಿಕೊಂಡು ಬನ್ನಿ, ಒಂದು ಬೆರಳಗಲ ಸಡಿಲ ಸಿಕ್ಕೇ ಸಿಗುತ್ತದೆ. ಚಪಾತಿ ಹಿಟ್ಟು ನಾದುವ ಹಾಗೆ ಅಂಗೈ ಬುಡದಲ್ಲಿ ಒತ್ತಿ, ಹೆಬ್ಬೆರಳಲ್ಲಿ ಬೇಡ. ಹಾಕೋಕೆ ಲಿವರ್ ಬಳಸಲೇಬೇಡಿ. ಟ್ಯೂಬಿಗೆ ಮೊದಲೇ ಒಂದೆರಡು ಪಂಪು ಗಾಳಿ ಹೊಡೆದು ದುಂಡಗೆ ಮಾಡಿಕೊಂಡಿದ್ದರೆ ಅಂಚಿಗೆ ಸಿಕ್ಕೋದಿಲ್ಲ. ಮುಗಿದ ಮೇಲೆ ವಾಲ್ವನ್ನು ಒಮ್ಮೆ ಒಳಕ್ಕೆ ದಬ್ಬಿ ಹೊರಕ್ಕೆ ಎಳೆಯಿರಿ.

ಟಯರಿನ ಹೆಸರು ಬರೆದಿರುವ ಜಾಗವನ್ನು ಯಾವಾಗಲೂ ವಾಲ್ವಿನ ನೇರಕ್ಕೆ ಕೂರಿಸಿ. ಇದು ಬರೀ ಶೋಕಿಗಲ್ಲ, ಟ್ಯೂಬಿನಲ್ಲಿ ತೂತು ವಾಲ್ವಿನಿಂದ ಎಷ್ಟು ದೂರ ಇದೆಯೋ ಟಯರಿನಲ್ಲೂ ಅಷ್ಟೇ ದೂರದಲ್ಲಿ ಹುಡುಕಿದರೆ ಕಳ್ಳ ಸಿಗುತ್ತಾನೆ. ಹಿಂದಿನ ಚಕ್ರ ಬಿಚ್ಚೋ ಮೊದಲು ಚೈನನ್ನು ಎಲ್ಲಕ್ಕಿಂತ ಸಣ್ಣ ಹಲ್ಲಿನ ಚಕ್ರಕ್ಕೆ ತಂದಿಟ್ಟುಕೊಳ್ಳಿ. ಡಿಸ್ಕ್ ಬ್ರೇಕ್ ಗಾಡಿಯಾದರೆ ಚಕ್ರ ಹೊರಗಿದ್ದಾಗ ಬ್ರೇಕ್ ಹಿಡಿಯಬೇಡಿ, ಪ್ಯಾಡುಗಳು ಹತ್ತಿರ ಬಂದು ಆಮೇಲೆ ಡಿಸ್ಕು ಒಳಗೆ ಹೋಗೋದಿಲ್ಲ.

ಪ್ರಶ್ನೆ: ಅಪ್ಪನ ಹಳೇ ಸೈಕಲ್ಲಿನ ಟಯರಿನ ಮೇಲೂ 28 ಅಂತ ಇದೆ, ನನ್ನ ರೋಡ್ ಬೈಕಿನ ಮೇಲೂ 28 ಅಂತ ಇದೆ. ಊರಿನ ಅಂಗಡಿಯಲ್ಲಿ ಸಿಗೋ 28ರ ಟಯರು ಹಾಕಿಕೊಳ್ಳಬಹುದಾ? (ಕೆ.ಆರ್. ಪೇಟೆ)

ಉತ್ತರ: ಆಗೋದಿಲ್ಲ. ಅಪ್ಪನ ಸೈಕಲ್ಲಿನ 28 ಅನ್ನೋದು ಇಂಚಿನ ಲೆಕ್ಕ, ಇಡೀ ಚಕ್ರದ ಎತ್ತರ. ನಿಮ್ಮದು ಮಿಲಿಮೀಟರು, ಟಯರಿನ ಅಗಲ. ಅಪ್ಪನದು 28×1½ ಆದರೆ ಟಯರು ಕೂರುವ ಜಾಗದ ಅಡ್ಡಳತೆ 635 ಮಿಲಿಮೀಟರ್, ನಿಮ್ಮ 700ಸಿ ಚಕ್ರದ್ದು 622. ಹದಿಮೂರು ಮಿಲಿಮೀಟರ್ ದೊಡ್ಡ ಟಯರು ನಿಮ್ಮ ರಿಮ್ಮಿನ ಮೇಲೆ ಅಣ್ಣನ ಚಡ್ಡಿ ತಮ್ಮ ಹಾಕಿಕೊಂಡ ಹಾಗೆ. ಟಯರಿನ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ 28-622 ಅಂತ ಎರಡು ಅಂಕಿ ಇರುತ್ತವೆ, ಅವನ್ನೇ ನಂಬಿ. ಟ್ಯೂಬೂ ಆಗೋದಿಲ್ಲ, ಅದರ ವಾಲ್ವು ದಪ್ಪ, ನಿಮ್ಮ ರಿಮ್ಮಿನ ತೂತಿಗೆ ಹೋಗೋದಿಲ್ಲ. ಹೋಗಲಿ ಅಂತ ತೂತು ದೊಡ್ಡದು ಮಾಡಿಸಿದವರನ್ನೂ ನೋಡಿದ್ದೇನೆ, ದಯವಿಟ್ಟು ಬೇಡ.

ಪ್ರಶ್ನೆ: ಹಳ್ಳಿಯ ಪಂಚರ್ ಅಂಗಡಿಯವರು ನನ್ನ ಸೈಕಲ್ಲಿಗೆ ಗಾಳಿ ಹೊಡೆಯೋಕೆ ಆಗೋದಿಲ್ಲ ಅನ್ನುತ್ತಾರೆ. ಯಾಕೆ? (ಮಳವಳ್ಳಿ)

ಉತ್ತರ: ನಿಮ್ಮದು ಪ್ರೆಸ್ಟಾ ಅನ್ನೋ ಸಪೂರ ವಾಲ್ವು, ಅವರ ಕಂಪ್ರೆಸರಿನ ಬಾಯಿ ಸ್ಕೂಟರು, ಕಾರಿನ ಶ್ರೇಡರ್ ವಾಲ್ವಿಗೆ ಮಾಡಿದ್ದು. ನಡುವೆ ಹಾಕುವ ಹಿತ್ತಾಳೆಯ ಪುಟ್ಟ ಅಡಾಪ್ಟರ್ ಸಿಗುತ್ತದೆ, ಕಡಲೆಕಾಳಿನಷ್ಟು. ಒಂದನ್ನು ವಾಲ್ವಿಗೇ ತಿರುಗಿಸಿ ಬಿಟ್ಟಿರಿ, ಚೀಲದಲ್ಲಿಟ್ಟರೆ ಕಳೆದುಹೋಗುತ್ತದೆ. ಗಾಳಿ ಹೊಡೆಸೋ ಮುಂಚೆ ವಾಲ್ವಿನ ತುದಿಯ ಪುಟ್ಟ ನಟ್ಟು ಸಡಿಲ ಮಾಡಿರಬೇಕು, ಇಲ್ಲದಿದ್ದರೆ ಒಳಗೆ ಏನೂ ಹೋಗೋದಿಲ್ಲ. ಲಾರಿ ಟಯರಿಗೆ ಹೊಡೆಯುವ ಕಂಪ್ರೆಸರಾದರೆ ಒಂದೊಂದು ಸೆಕೆಂಡು ಬಿಟ್ಟು ಬಿಟ್ಟು ಹೊಡೆಸಿ, ನಮ್ಮ ಟ್ಯೂಬಿನೊಳಗೆ ಜಾಗ ಎಷ್ಟು ಕಡಿಮೆ ಅಂತ ಅವರಿಗೆ ಅಂದಾಜಿರೋದಿಲ್ಲ. ಬಿಚ್ಚೋ ಕೆಲಸ ಮಾತ್ರ ನೀವೇ ಮಾಡಿಕೊಡಿ. ಹೆದ್ದಾರಿ ಪಕ್ಕದ ಒಂದು ಅಂಗಡಿಯಲ್ಲಿ ನಾನು ಟೀ ಕುಡಿದು ಬರುವಷ್ಟರಲ್ಲಿ ಸ್ಕ್ರೂಡ್ರೈವರ್ ಹಾಕಿ ಮೀಟಿ ರಿಮ್ಮಿನ ಅಂಚನ್ನೇ ಮುರಿದಿಟ್ಟಿದ್ದರು. ಪಾಪ, ಅವರು ದಿನಾ ಬಿಚ್ಚೋದು ಸ್ಕೂಟರ್ ಟಯರು.

ಪ್ರಶ್ನೆ: ಪ್ಯಾಚ್ ಹಾಕಿದರೆ ಅವತ್ತು ಸರಿ, ಮಾರನೇ ದಿನಕ್ಕೆ ಗಾಳಿ ಇಳಿದಿರುತ್ತದೆ. ಪ್ಯಾಚು ಕೆಟ್ಟದ್ದಾ, ನನ್ನ ಕೈಯೇ ಸರಿಯಿಲ್ವಾ? (ನಂಜನಗೂಡು)

ಉತ್ತರ: ಅವಸರ. ಸಲ್ಯೂಷನ್ ಹಚ್ಚಿದ ತಕ್ಷಣ ಪ್ಯಾಚ್ ಅಂಟಿಸುತ್ತೀರಿ, ಹೌದಲ್ವಾ? ಅದು ಗೋಂದಿನ ಹಾಗೆ ಒದ್ದೆಯಲ್ಲಿ ಅಂಟೋದಿಲ್ಲ, ಒಣಗಿದ ಮೇಲೇ ಹಿಡಿಯೋದು. ಮೊದಲು ಮರಳು ಕಾಗದದಲ್ಲಿ ಟ್ಯೂಬಿನ ಹೊಳಪು ಪೂರ್ತಿ ಹೋಗುವ ತನಕ ಉಜ್ಜಿ. ಟ್ಯೂಬಿನ ಉದ್ದಕ್ಕೂ ಅಚ್ಚಿನ ಗೆರೆ ಒಂದು ಎದ್ದಿರುತ್ತದೆ, ತೂತು ಅದರ ಹತ್ತಿರ ಇದ್ದರೆ ಆ ಗೆರೆಯನ್ನು ಸಮ ಮಾಡಲೇಬೇಕು, ಗಾಳಿ ಅದರ ಪಕ್ಕದಿಂದಲೇ ನುಸುಳೋದು. ಸಲ್ಯೂಷನ್ನನ್ನು ತೆಳ್ಳಗೆ, ಪ್ಯಾಚಿಗಿಂತ ಸ್ವಲ್ಪ ಅಗಲಕ್ಕೆ ಹಚ್ಚಿ ಐದು ನಿಮಿಷ ಸುಮ್ನೆ ಕೂತ್ಕೊಳ್ಳಿ. ಊದಬೇಡಿ, ಬಾಯಿಯ ತೇವ ಕೂರುತ್ತದೆ. ಬೆರಳ ಹಿಂಭಾಗ ತಾಗಿಸಿದರೆ ಮೆತ್ತಿಕೊಳ್ಳಬಾರದು, ಆಗ ಪ್ಯಾಚ್ ಇಟ್ಟು ಲಿವರಿನ ಬೆನ್ನಲ್ಲಿ ನಡುವಿಂದ ಅಂಚಿಗೆ ತಿಕ್ಕಿ ಒತ್ತಿ. ಸಲ್ಯೂಷನ್ ಟ್ಯೂಬನ್ನು ಒಮ್ಮೆ ಒಡೆದರೆ ಕೆಲವೇ ತಿಂಗಳಲ್ಲಿ ಒಣಗಿ ಖಾಲಿ ತಗಡಾಗಿರುತ್ತದೆ. ಹೊರಡೋ ಹಿಂದಿನ ದಿನ ಹಿಸುಕಿ ನೋಡಿ.

ರಸ್ತೆ ಬದಿಯಲ್ಲಿ ನಾನು ಪ್ಯಾಚ್ ಹಾಕೋದಿಲ್ಲ, ಟ್ಯೂಬು ಬದಲಾಯಿಸಿ ಮನೆಗೆ ಬಂದು ರೇಡಿಯೊ ಕೇಳುತ್ತಾ ಹಾಕುತ್ತೇನೆ. ಎರಡನೇ ಪಂಚರ್ ಆದರೆ ಮಾತ್ರ ದಾರಿಯಲ್ಲಿ ಡಬ್ಬಿ ತೆಗೆಯೋದು.

ಪ್ರಶ್ನೆ: ಟ್ಯೂಬ್‌ಲೆಸ್ ಮಾಡಿಸಿಬಿಡಿ, ಪಂಚರ್ ಚಿಂತೆಯೇ ಇರೋದಿಲ್ಲ ಅನ್ನುತ್ತಾರೆ. ಮಾಡಿಸಲಾ? (ಮೈಸೂರು, ಜಯಲಕ್ಷ್ಮೀಪುರಂ)

ಉತ್ತರ: ನಿಮ್ಮ ಗಾಡಿಗೆ 32 ಅಥವಾ ಅದಕ್ಕಿಂತ ಅಗಲದ ಟಯರು ಕೂರುತ್ತದೆ, ರಿಮ್ಮೂ ಟ್ಯೂಬ್‌ಲೆಸ್‌ಗೆ ಮಾಡಿದ್ದು ಅಂದರೆ ಮಾಡಿಸಿ, ನೆಗ್ಗಿಲು ಮುಳ್ಳಿಗೆ ಅದಕ್ಕಿಂತ ಒಳ್ಳೆ ಮದ್ದಿಲ್ಲ. ಒಳಗಿನ ಹಾಲಿನಂಥ ಸೀಲೆಂಟು ತೂತನ್ನು ತಾನೇ ಮುಚ್ಚುತ್ತದೆ. 25ರ ಟಯರಿಗೆ ನಾನಂತೂ ಹೇಳೋದಿಲ್ಲ. ಗಾಳಿಯ ಒತ್ತಡ ಜಾಸ್ತಿ ಇದ್ದಾಗ ತೂತು ಮುಚ್ಚೋ ಮೊದಲೇ ಸೀಲೆಂಟು ಪಿಚಕಾರಿ ಹಾಗೆ ಹಾರಿ ನಿಮ್ಮ ಬೆನ್ನಿಗೆ ಬೀಳುತ್ತದೆ. ಸೀಲೆಂಟು ಒಣಗುತ್ತದೆ, ನಮ್ಮ ಬೇಸಿಗೆಯಲ್ಲಿ ಎರಡು, ಮೂರು ತಿಂಗಳಿಗೊಮ್ಮೆ ನೋಡಿ ತುಂಬಿಸಬೇಕು. ಚೀಲದಲ್ಲಿ ಟ್ಯೂಬು ಆಗಲೂ ಬೇಕು. ಆ ಟ್ಯೂಬು ಹಾಕುವ ದಿನ ಬಂದರೆ ಒಂದು ವಿಷಯ ನೆನಪಿರಲಿ: ತಿಂಗಳುಗಳಿಂದ ಹೊಕ್ಕ ಮುಳ್ಳುಗಳೆಲ್ಲ ಟಯರಿನೊಳಗೇ ಕೂತಿರುತ್ತವೆ, ಸೀಲೆಂಟು ಮುಚ್ಚಿಟ್ಟಿರುತ್ತದೆ ಅಷ್ಟೆ. ಒಂದೊಂದನ್ನೂ ಕೀಳದೆ ಟ್ಯೂಬು ಇಟ್ಟರೆ ಅದು ಮುಳ್ಳಿನ ಹಾಸಿಗೆಯೇ. ಚಿಮುಟ ಅಂದೆನಲ್ಲ, ಇಲ್ಲೂ ಅದೇ.

ಪ್ರಶ್ನೆ: ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ವೇ ನುಣ್ಣಗಿದೆಯಲ್ಲ, ಬೆಳಗಿನ ಜಾವ ಅಲ್ಲೇ ಓಡಿಸಿದರೆ ಟಯರಿಗೂ ಒಳ್ಳೇದಲ್ವಾ? (ಮಂಡ್ಯ)

ಉತ್ತರ: ಇಲ್ಲ. 2023ರ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರ್ ಜೊತೆ ಸೈಕಲ್ಲಿಗೂ ಅಲ್ಲಿ ಪ್ರವೇಶವಿಲ್ಲ. ಸರ್ವಿಸ್ ರಸ್ತೆಯಲ್ಲೇ ಹೋಗಬೇಕು, ತಂತಿಯ ಕಥೆ ಮೇಲೆ ಹೇಳಿದ್ದೇನೆ. ಅದಕ್ಕಿಂತ ಹಳ್ಳಿ ರಸ್ತೆಗಳು ವಾಸಿ.

ಪ್ರಶ್ನೆ: ಟಯರು ಬದಲಾಯಿಸಬೇಕು ಅಂತ ಗೊತ್ತಾಗೋದು ಹೇಗೆ? (ಮೈಸೂರು)

ಉತ್ತರ: ಹಿಂದಿನ ಟಯರಿನ ನಡುಭಾಗ ದುಂಡಗಿಲ್ಲದೆ ಚಪ್ಪಟೆಯಾಗಿದ್ದರೆ, ಒಳಗಿನ ನೂಲು ಕಂಡರೆ, ಪಕ್ಕ ಬಿರುಕು ಬಿಟ್ಟಿದ್ದರೆ. ವಾರಕ್ಕೆರಡು ಪಂಚರ್ ಆಗುತ್ತಿದ್ದರೂ ಅದೇ ಅರ್ಥ. ಹೊಸ ಟಯರನ್ನು ಮುಂದಕ್ಕೆ ಹಾಕಿ, ಮುಂದಿನದನ್ನು ಹಿಂದಕ್ಕೆ ತನ್ನಿ. ಚಾಮುಂಡಿ ಬೆಟ್ಟ ಇಳಿಯುವಾಗ ಹಿಂದಿನದು ಹೋದರೆ ಹೇಗೋ ನಿಲ್ಲಿಸಬಹುದು, ಮುಂದಿನದು ಹೋದರೆ ನೀವೇ ಹೋಗುತ್ತೀರಿ.

ಪ್ರಶ್ನೆ: ಟ್ಯೂಬೂ ಇಲ್ಲ, ಪ್ಯಾಚೂ ಇಲ್ಲ, ಊರು ಇನ್ನೂ ಎಂಟು ಕಿಲೋಮೀಟರ್ ಇದೆ. ಆಗ? (ಪಾಂಡವಪುರ)

ಉತ್ತರ: ಪಂಪಾದರೂ ಇದ್ದರೆ ಟ್ಯೂಬನ್ನು ತೂತಿರುವ ಜಾಗದಲ್ಲಿ ಮಡಚಿ ಬಿಗಿಯಾಗಿ ಗಂಟು ಹಾಕಿ, ತೂತು ಗಂಟಿನೊಳಗೆ ಸೇರಬೇಕು. ಗಾಳಿ ಅರ್ಧದಷ್ಟು ನಿಲ್ಲುತ್ತದೆ, ಚಕ್ರ ಸುತ್ತಿಗೊಮ್ಮೆ ಗುದ್ದುತ್ತದೆ. ಪಂಪೂ ಇಲ್ಲ ಅಂದರೆ ಟ್ಯೂಬು ತೆಗೆದು ಟಯರಿನೊಳಗೆ ಹುಲ್ಲು ತುಂಬಿ, ಇನ್ನು ಹಿಡಿಯೋದಿಲ್ಲ ಅನ್ನುವ ತನಕ. ನಿಮ್ಮ ಕಡೆ ಭತ್ತದ ಹುಲ್ಲಿಗೆ ಬರವಿಲ್ಲ, ಆದರೆ ಮೆದೆಯಿಂದ ಕೀಳೋ ಮುಂಚೆ ಮನೆಯವರನ್ನು ಒಂದು ಮಾತು ಕೇಳಿ. ನಡಿಗೆಗಿಂತ ಸ್ವಲ್ಪ ಜೋರಾಗಿ, ಸೀಟಿನಿಂದ ತುಸು ಎದ್ದು, ತಿರುವಿನಲ್ಲಿ ಇಳಿದು ತಳ್ಳಿಕೊಂಡು ಹೋಗಿ. ನನ್ನ ಟಯರಿನೊಳಗಿಂದ ಒಣ ಹುಲ್ಲು ಎರಡು ದಿನ ಉದುರುತ್ತಿತ್ತು. ಮನೆಯವರು ಅಂಗಳ ಗುಡಿಸಿದಾಗೆಲ್ಲ ಹಸು ಯಾವಾಗ ತರುತ್ತೀರಿ ಅಂತ ಕೇಳುತ್ತಿದ್ದರು.